ಆಂಟಿಬಾಡಿ ಮೊದಲೇ ರೆಡಿ ಇರುತ್ತೆ, ವೈರಸ್ ಬಂದಮೇಲೆ ಅಲ್ಲ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯ ಪುಟದಲ್ಲಿ, ವೈರಸ್ ಒಳಗೆ ಬಂದಮೇಲೆ ದೇಹ ಅದರ ಅಳತೆ ತಗೊಂಡು ಆಂಟಿಬಾಡಿ, ಅಂದ್ರೆ ರೋಗಾಣುವಿಗೆ ಅಂಟ್ಕೊಳ್ಳೋ ಪ್ರೋಟೀನ್, ರೆಡಿ ಮಾಡುತ್ತೆ ಅಂತ ಬರೆದಿದ್ರು. ದಯವಿಟ್ಟು ತಿದ್ದಿ ಸರ್, ನಡೆಯೋದು ಉಲ್ಟಾ. ವೈರಸ್ಸನ್ನ ಇನ್ನೂ ಕಂಡೇ ಇರದ ಬಿ ಸೆಲ್‌ಗಳು (ಆಂಟಿಬಾಡಿ ಮಾಡೋ ಬಿಳಿ ರಕ್ತಕಣಗಳು) ಮೂಳೆ ಮಜ್ಜೆಯಲ್ಲೇ ಒಂದೊಂದೂ ಒಂದೊಂದು ಥರದ ಆಂಟಿಬಾಡಿ ಹೊತ್ಕೊಂಡು ಹೊರಗೆ ಬರ್ತವೆ, ರೋಗಾಣು ಬಂದಾಗ ಅದಕ್ಕೆ ಕೂರೋ ಸೆಲ್ ಮಾತ್ರ ಬೆಳೆಯುತ್ತೆ.

ಪ್ರೋಟೀನ್ ಮಾಡೋಕೆ ನಮ್ಮಲ್ಲಿರೋ ಜೀನ್ ಸುಮಾರು 20,000, ಹಾಗಿದ್ರೆ ಕೋಟಿಗಟ್ಟಲೆ ಆಂಟಿಬಾಡಿ ಎಲ್ಲಿಂದ ಬಂತು? ಜಪಾನಿನ ವಿಜ್ಞಾನಿ ಸುಸುಮು ಟೊನೆಗಾವಾ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿದ್ದಾಗ, 1976ರಲ್ಲಿ, ಇಲಿ ಭ್ರೂಣದ ಡಿಎನ್ಎನೂ ಆಂಟಿಬಾಡಿ ಮಾಡೋ ಕ್ಯಾನ್ಸರ್ ಸೆಲ್‌ನ ಡಿಎನ್ಎನೂ ಪಕ್ಕಪಕ್ಕ ಇಟ್ಟು ನೋಡಿ, ಭ್ರೂಣದಲ್ಲಿ ದೂರ ದೂರ ಇದ್ದ ತುಂಡುಗಳು ಇನ್ನೊಂದರಲ್ಲಿ ಹತ್ತಿರ ಬಂದಿವೆ ಅಂತ ತೋರಿಸಿದ್ರು, ಅಂದ್ರೆ ಸೆಲ್ ತನ್ನ ಡಿಎನ್ಎನೇ ಕತ್ತರಿಸಿ ಜೋಡಿಸ್ಕೊಂಡಿದೆ! 1987ರ ನೊಬೆಲ್ ಅವರೊಬ್ರಿಗೇ ಬಂತು.

ಲೆಕ್ಕ ಹಾಕಿ ನೋಡಿ. ಆಂಟಿಬಾಡಿಯಲ್ಲಿ ದೊಡ್ಡದು, ಚಿಕ್ಕದು ಅಂತ ಎರಡು ಥರದ ಪ್ರೋಟೀನ್ ಸರಪಳಿ ಇರುತ್ತೆ, ದೊಡ್ಡದರ ಜೀನ್ ವಿ, ಡಿ, ಜೆ ಅನ್ನೋ ಡಿಎನ್ಎ ತುಂಡುಗಳಿಂದ ಜೋಡಣೆ ಆಗುತ್ತೆ. ಮನುಷ್ಯರಲ್ಲಿ ದೊಡ್ಡ ಸರಪಳಿಗೆ ಕೆಲಸಕ್ಕೆ ಬರೋ ವಿ ತುಂಡು ಸುಮಾರು 40, ಡಿ 23, ಜೆ 6. ಪ್ರತಿಯೊಂದರಲ್ಲೂ ಒಂದೊಂದು ಆರಿಸಿದ್ರೆ 5,500 ಜೋಡಿ. ಚಿಕ್ಕ ಸರಪಳಿಯಲ್ಲಿ ಇನ್ನೊಂದು 300 ಚಿಲ್ಲರೆ. ಗುಣಿಸಿದ್ರೆ 16 ಲಕ್ಷ ದಾಟುತ್ತೆ. ಆದ್ರೆ ನಿಜವಾದ ವೈವಿಧ್ಯ ಇರೋದು ಜೋಡಣೆ ಆಗೋ ಜಾಗದಲ್ಲಿ, ರಾಗ್ ಅನ್ನೋ ಪ್ರೋಟೀನ್ ಕತ್ತರಿಸಿದ ತುದಿಗೆ ಟಿಡಿಟಿ ಅನ್ನೋ ಎಂಜೈಮು ಯಾವ ಮಾದರಿನೂ ಇಲ್ದೆ ಮನಸ್ಸಿಗೆ ಬಂದ ಡಿಎನ್ಎ ಅಕ್ಷರ ಸೇರಿಸ್ತಾ ಹೋಗುತ್ತೆ, ಎಷ್ಟೋ ಜೋಡಣೆ ಕೆಟ್ಟು ಸೆಲ್ ಸತ್ತೂ ಹೋಗುತ್ತೆ, ನಮ್ಮ ಮೈಗೇ ಅಂಟೋಂಥವನ್ನ ಅಲ್ಲೇ ತಡೆಯೋ ವ್ಯವಸ್ಥೆನೂ ಇದೆ.

ಗಂಟಲು ಕೆಟ್ಟಾಗ ಕತ್ತಲ್ಲಿ ಗಂಟು ಊದ್ಕೊಳುತ್ತಲ್ಲ, ಅದರೊಳಗೆ ಆಯ್ಕೆಯಾದ ಬಿ ಸೆಲ್‌ಗಳು ವಿಪರೀತ ಸ್ಪೀಡಲ್ಲಿ ಎರಡಾಗ್ತಾ ತಮ್ಮ ಆಂಟಿಬಾಡಿ ಜೀನ್‌ನಲ್ಲಿ ತಪ್ಪುಗಳನ್ನ ಮಾಡ್ಕೊಳ್ತವೆ, ಗಟ್ಟಿಯಾಗಿ ಅಂಟೋದು ಉಳಿಯುತ್ತೆ. ಇಲ್ಲೂ ಅಳತೆ ತಗೊಳ್ಳೋರು ಯಾರೂ ಇಲ್ಲ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಕೆಲವು ಮಕ್ಕಳಿಗೆ ಹುಟ್ಟುತ್ತಲೇ ರಾಗ್ ಜೀನ್ ಕೆಟ್ಟಿರುತ್ತೆ, ತುಂಡುಗಳ ಜೋಡಣೆನೇ ಆಗಲ್ಲ, ಹಾಗಾಗಿ ಬಿ ಸೆಲ್ಲೂ ಇಲ್ಲ, ಇದೇ ಜೋಡಣೆ ಬೇಕಾದ ಇನ್ನೊಂದು ಥರದ ರಕ್ಷಣಾ ಕಣ ಟಿ ಸೆಲ್ಲೂ ಇಲ್ಲ, ಮೊದಲ ತಿಂಗಳುಗಳಲ್ಲೇ ಒಂದರ ಹಿಂದೊಂದು ಇನ್‌ಫೆಕ್ಷನ್, ಮೂಳೆ ಮಜ್ಜೆ ಕಸಿ ಮಾಡಿಸಬೇಕಾಗುತ್ತೆ. ನಿಮ್ಮ ಲೇಖನ ಓದಿದ ಅಂಥ ಮಗುವಿನ ಅಪ್ಪ ಅಮ್ಮ, ರೋಗ ಬಂದ್ರೆ ದೇಹ ಕಲಿತ್ಕೊಳ್ಳುತ್ತೆ ಬಿಡು ಅಂತ ಕಾಯ್ತಾ ಕೂತ್ರೆ? ಒಂದು ತಿದ್ದುಪಡಿ ಹಾಕಿ, ಜಾಗ ಇದ್ರೆ ವಿ, ಡಿ, ಜೆ ತುಂಡುಗಳ ಚಿತ್ರನೂ ಜೊತೆಗಿರಲಿ.

ಇಂತಿ,
ನಿಮ್ಮ ಓದುಗ