ಒಬ್ಬಳೇ ಮಾಡ್ತೀನಿ ಅಂತ ಮಾತ್ರ ಹೊರಡಬೇಡ

ಪ್ರೀತಿಯ ಪುಟ್ಟಿಗೆ,

ನಿನ್ನ ಮೆಸೇಜು ಓದಿದೆ. ಔಷಧ ಕಂಪನಿಯ ಕೆಲಸ ಬಿಟ್ಟು ಸಿನಿಮಾ ಮಾಡುತ್ತೇನೆ ಅಂದಿದ್ದೀಯ. ಅಪ್ಪನಿಗೆ ಸಿಟ್ಟೇನೂ ಬಂದಿಲ್ಲ, ಭಯ ಅಷ್ಟೆ. ನನಗೆ ಕೆಲಸ ಬಿಡುವುದರ ಭಯ ಇಲ್ಲ. "ಯಾರ ಹಂಗೂ ಬೇಡ, ಎಲ್ಲಾ ನಾನೊಬ್ಬಳೇ ಮಾಡ್ತೀನಿ" ಅಂತ ಕೊನೆಗೆ ಬರೆದಿದ್ದೀಯಲ್ಲ, ಆ ಸಾಲು ಓದಿ ಕಳವಳ ಆಯ್ತು. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ತಡೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಫಾರ್ಮಸಿ ಓದಿ ಸಿನಿಮಾಕ್ಕೆ ಹೋದವರು ನಮ್ಮ ಕಡೆಯೇ ಇದ್ದಾರೆ. ಗಿರೀಶ ಕಾಸರವಳ್ಳಿಯವರು ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ, 1950ರಲ್ಲಿ. ಮಣಿಪಾಲದಲ್ಲಿ ಬಿ.ಫಾರ್ಮಾ ಮಾಡಿದರು. ಆಮೇಲೆ ನಿನ್ನ ಹಾಗೇ ಹೈದರಾಬಾದಿಗೆ ಹೋದರು. ಮನಸ್ಸು ಅಲ್ಲಿ ನಿಲ್ಲಲಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಅಲ್ಲಿ ಓದುತ್ತಿರುವಾಗಲೇ ಬಿ.ವಿ. ಕಾರಂತರ 'ಚೋಮನ ದುಡಿ'ಗೆ ಸಹಾಯಕರಾಗಿ ಕೆಲಸ ಮಾಡಿದರು. ಓದು ಮುಗಿದದ್ದು 1975ರಲ್ಲಿ. 1977ಕ್ಕೆ 'ಘಟಶ್ರಾದ್ಧ'. ಮೊದಲ ಸಿನಿಮಾಕ್ಕೇ ಸ್ವರ್ಣಕಮಲ, ಅಂದರೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರ ಪ್ರಶಸ್ತಿ.

ಇಷ್ಟು ಕೇಳಿದರೆ ಎಲ್ಲಾ ಒಬ್ಬರೇ ಮಾಡಿದರು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಹೆಸರುಗಳನ್ನು ಒಂದೊಂದಾಗಿ ಓದು. ಕಥೆ ಅನಂತಮೂರ್ತಿಯವರದು. ಸಂಗೀತ ಕಾರಂತರದು, ಅದಕ್ಕೂ ರಾಷ್ಟ್ರ ಪ್ರಶಸ್ತಿ ಬಂತು. ನಾಣಿಯಾಗಿ ನಟಿಸಿದ ಹುಡುಗನಿಗೂ ಬಂತು. ದುಡ್ಡು ಹಾಕಿದವರು ಸದಾನಂದ ಸುವರ್ಣ, ಮುಂಬೈಯಲ್ಲಿ ಕನ್ನಡ ನಾಟಕ ಆಡಿಸುತ್ತಿದ್ದವರು. ಯೋಚನೆ ಮಾಡಿ ನೋಡು. ಆಗತಾನೇ ಓದು ಮುಗಿಸಿ ಬಂದ ಹುಡುಗ. ಬಸುರಿಯಾದ ವಿಧವೆಯನ್ನು ಬದುಕಿದ್ದಾಗಲೇ ಜಾತಿಯಿಂದ ಹೊರಗೆ ಹಾಕಿ, ಸತ್ತಳು ಅಂತ ಲೆಕ್ಕ ಮಾಡುವ ಕಥೆ. ಹಾಡಿಲ್ಲ, ಕುಣಿತವಿಲ್ಲ, ಬಣ್ಣವೂ ಇಲ್ಲ. ಅಂಥದ್ದಕ್ಕೆ ದುಡ್ಡು ಹಾಕುವ ಧೈರ್ಯ ಇನ್ನೊಬ್ಬರದ್ದು. ಅದು ಹಂಗು ಅಲ್ಲ ಪುಟ್ಟಿ, ನಂಬಿಕೆ.

ಕ್ಯಾಮೆರಾ ಹಿಡಿದವರು ಎಸ್. ರಾಮಚಂದ್ರ. ಮೂವತ್ತು ವರ್ಷ ಕಳೆದ ಮೇಲೆ, 2008ರ 'ಗುಲಾಬಿ ಟಾಕೀಸ್'ಗೂ ಅವರದೇ ಕ್ಯಾಮೆರಾ. ಇದು ನನಗೆ ಪ್ರಶಸ್ತಿಗಿಂತ ದೊಡ್ಡದು ಅನ್ನಿಸುತ್ತದೆ.

ಸ್ವರ್ಣಕಮಲ ಬಂದ ತಕ್ಷಣ ದಾರಿ ಸಲೀಸಾಗಲಿಲ್ಲ, ಇದನ್ನು ಚೆನ್ನಾಗಿ ತಿಳಿದುಕೋ. 1981ರ 'ಮೂರು ದಾರಿಗಳು' ಆದ ಮೇಲೆ 'ತಬರನ ಕಥೆ' ಬರಲು ಸುಮಾರು ಐದು ವರ್ಷ ಹಿಡಿಯಿತು. ಇಂಥ ಸಿನಿಮಾಕ್ಕೆ ಥಿಯೇಟರ್ ಸಿಗುವುದೇ ಕಷ್ಟ, ಸಿಕ್ಕರೂ ಎಷ್ಟು ದಿನ ನಿಲ್ಲುತ್ತದೋ ಗೊತ್ತಿಲ್ಲ. ಅವರು ಬೆಂಗಳೂರಿನ ಆದರ್ಶ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠವನ್ನೂ ಮಾಡಿದ್ದಾರೆ, ಟಿವಿಗೆ 'ಗೃಹಭಂಗ' ಧಾರಾವಾಹಿಯನ್ನೂ ಮಾಡಿದ್ದಾರೆ. ಹೊಟ್ಟೆಪಾಡು ಹೇಗೆ ಅಂತ ಅಪ್ಪ ಕೇಳಿದರೆ ಸಿಡುಕಬೇಡ. ಅದು ಕೇಳಬೇಕಾದ ಪ್ರಶ್ನೆಯೇ.

'ತಬರನ ಕಥೆ'ಯನ್ನು ನೀನು ಮತ್ತೆ ನೋಡಬೇಕು. ತೇಜಸ್ವಿಯವರ ಕಥೆ. ತಬರ ನಿವೃತ್ತನಾದ ಜವಾನ, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ. ಆಸ್ಪತ್ರೆಗೆ ದುಡ್ಡಿಲ್ಲ. ಕೊನೆಗೆ ಕಟುಕನ ಹತ್ತಿರ ಹೋಗಿ ಅವಳ ಕಾಲು ಕತ್ತರಿಸಿಕೊಡು ಅಂತ ಬೇಡುತ್ತಾನೆ. ತಬರನಾಗಿ ನಟಿಸಿದ ಚಾರುಹಾಸನ್ ಅದನ್ನು ಒಬ್ಬ ಬಡವ ಏನಾದರೂ ಸಾಮಾನು ಕೇಳುವ ಹಾಗೆ ಕೇಳುತ್ತಾರೆ. ನನಗೆ ಅಲ್ಲಿ ಉಸಿರು ಕಟ್ಟಿತು. ಕನ್ನಡದ ಈ ಪಾತ್ರಕ್ಕೆ ತಮಿಳಿನ ನಟ ಬಂದರು, ಶ್ರೇಷ್ಠ ನಟ ಪ್ರಶಸ್ತಿಯೂ ಅವರಿಗೇ ಬಂತು. ಸರಿಯಾದ ಮನುಷ್ಯನನ್ನು ಹುಡುಕುವುದೂ ನಿರ್ದೇಶಕರ ಕೆಲಸವೇ ಅಲ್ವಾ?

ಆಮೇಲಿನ ಎರಡು ಸ್ವರ್ಣಕಮಲದ ಹಿಂದೆ ಇಬ್ಬರು ಹೆಂಗಸರಿದ್ದಾರೆ. 1997ರ 'ತಾಯಿ ಸಾಹೇಬ'ಕ್ಕೆ ನಿರ್ಮಾಪಕಿ ಜಯಮಾಲಾ, ಮುಖ್ಯ ಪಾತ್ರವೂ ಅವರದೇ. ಅದರ ಉಡುಪಿನ ಕೆಲಸಕ್ಕೆ ಗಿರೀಶರ ಹೆಂಡತಿ ವೈಶಾಲಿ ಕಾಸರವಳ್ಳಿಯವರಿಗೆ ರಾಷ್ಟ್ರ ಪ್ರಶಸ್ತಿ ಬಂತು. 'ದ್ವೀಪ'ಕ್ಕೆ ಸೌಂದರ್ಯ. ದೊಡ್ಡ ದೊಡ್ಡ ಹೀರೋಗಳ ಜೊತೆ ನಟಿಸುತ್ತಿದ್ದ ಹುಡುಗಿ ಇಂಥ ಸಿನಿಮಾಕ್ಕೆ ಕೈಯಿಂದ ದುಡ್ಡು ಹಾಕಿ, ಸುಮ್ನೆ ಒಂದು ಸೀರೆ ಉಟ್ಟುಕೊಂಡು ಮಳೆಯಲ್ಲಿ ನೆನೆದಳು.

'ದ್ವೀಪ'ವನ್ನು ನಾನು ನಿನ್ನ ಅಜ್ಜಿಯ ಜೊತೆ ಕೂತು ನೋಡಿದೆ. ಅಜ್ಜಿಯ ತವರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋಗಿದ್ದು ನಿನಗೆ ಗೊತ್ತಲ್ಲ. ನಾ. ಡಿಸೋಜರ ಆ ಕಥೆಯಲ್ಲೂ ನೀರು ಏರುತ್ತದೆ, ಊರವರು ಪರಿಹಾರ ತಗೊಂಡು ಹೋಗುತ್ತಾರೆ, ಒಂದು ಮನೆ ಮಾತ್ರ ಉಳಿಯುತ್ತದೆ. ಮನೆ ಉಳಿಸಲು ನಾಗಿ ಜೀವ ತೇಯುತ್ತಾಳೆ. ಮಳೆ ನಿಂತ ಮೇಲೆ ಗಂಡ ದೇವರು ಕಾಪಾಡಿದ ಅಂತಾನೆ. ಅಜ್ಜಿ ಅಲ್ಲಿಯವರೆಗೂ ಸೆರಗು ಬಾಯಿಗಿಟ್ಟು ಸುಮ್ಮನಿದ್ದವರು, "ಅವಳು ಪಟ್ಟ ಪಾಡು ಅವನ ಕಣ್ಣಿಗೆ ಬೀಳಲೇ ಇಲ್ಲ" ಅಂದರು. ಅಷ್ಟು ದಿನ ನೀರಿನ ಕಥೆ ಮಾತ್ರ ಹೇಳುತ್ತಿದ್ದ ಅಜ್ಜಿ ಆ ರಾತ್ರಿ ತಮ್ಮ ಅಮ್ಮನ ಕಥೆ ಹೇಳಿದರು. ಸಿನಿಮಾ ಮಾಡುವವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಸಿನಿಮಾಕ್ಕೆ ವಿಷಯ ಹುಡುಕಿಕೊಂಡು ದೂರ ಹೋಗಬೇಡ ಅಂತ ಇದಕ್ಕೇ ಹೇಳುತ್ತಿದ್ದೇನೆ. 'ಗುಲಾಬಿ ಟಾಕೀಸ್' ನೋಡು. ವೈದೇಹಿಯವರ ಕಥೆ ತಗೊಂಡು, ಅದನ್ನು ಕಾರ್ಗಿಲ್ ಯುದ್ಧದ ಕಾಲದ ಮೀನುಗಾರರ ಕೇರಿಗೆ ತಂದರು. ಸೂಲಗಿತ್ತಿ ಗುಲಾಬಿಯ ಮನೆಗೆ ಬಣ್ಣದ ಟಿವಿ ಬರುತ್ತದೆ, ಹೆಂಗಸರು ಬಂದು ಸೇರುತ್ತಾರೆ, ಆಮೇಲೆ ಅದೇ ಕೇರಿ ಅವಳನ್ನು ಸಾಬರವಳು ಅಂತ ಬೇರೆ ಮಾಡುತ್ತದೆ. ಒಂದು ಟಿವಿಯ ಸುತ್ತ ಎಷ್ಟೊಂದು ಕಂಡರು ನೋಡು. ಉಮಾಶ್ರೀಗೆ ಆ ಪಾತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂದಾಗ ನಾನು ನಮ್ಮ ಮನೆಯವರಿಗೇ ಬಂದಷ್ಟು ಖುಷಿಪಟ್ಟೆ.

2024ರಲ್ಲಿ 'ಘಟಶ್ರಾದ್ಧ'ವನ್ನು ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಮ್ಮ ದೇಶದ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಶುರು ಮಾಡಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಮಾಡಿದ ಕೆಲಸ. 47 ವರ್ಷದ ಮೇಲೆ ಯಾರೋ ಬಂದು ಕೈ ಹಾಕಿದರು, ಸಿನಿಮಾ ಉಳಿಯಿತು.

ಕೆಲಸಕ್ಕೆ ಈಗಲೇ ರಾಜೀನಾಮೆ ಕೊಡಬೇಡ. ದೀಪಾವಳಿಗೆ ಬಾ, ಅಜ್ಜಿ ಹತ್ತಿರ ಕೂತು ಅವರಮ್ಮನ ಕಥೆ ಪೂರ್ತಿ ಬರೆದುಕೋ, ಜ್ಞಾಪಕ ಇನ್ನೂ ಚೆನ್ನಾಗಿದೆ. ಅಷ್ಟರೊಳಗೆ ಕ್ಯಾಮೆರಾಕ್ಕೆ ಯಾರು, ಸೌಂಡಿಗೆ ಯಾರು, ಎಡಿಟಿಂಗಿಗೆ ಯಾರು ಅಂತ ಹೆಸರು ಬರೆದು ನನಗೆ ಕಳಿಸು. ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ಇಂತಿ ನಿನ್ನ
ಅಮ್ಮ