ಗಾಜಿನ ಪೆಟ್ಟಿಗೆ ಬೇಡವೆಂದವರಿಗೆ

ಕಳೆದ ಗುರುವಾರ ನನ್ನ ಪಿಎಚ್‌ಡಿ ಪ್ರಬಂಧ ಅಂಗೀಕಾರವಾಯಿತು. ಏಳು ವರ್ಷ ಹಿಡಿಯಿತು. ಫೋನು ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಒಂದೊಂದು ಸಾಲಿನಲ್ಲಿ ಥ್ಯಾಂಕ್ಸ್ ಹೇಳಿ ಮುಗಿಸಿದ್ದೆ. ರಾತ್ರಿ ಮಲಗಿದಾಗ ಅದು ಸಾಲದು ಅನ್ನಿಸಿತು. ಈ ಏಳು ವರ್ಷ ನಾನು ಯಾರ ಬಗ್ಗೆ ಓದಿದೆನೋ, ಯಾರ ಮನೆಯಲ್ಲಿ ಉಂಡೆನೋ, ಆ ಕ್ವಾಕ್ವಕಾವಕ್ವ ಎಂಬ ಕೆನಡಾದ ಮೂಲನಿವಾಸಿ ಜನರಲ್ಲಿ ಒಂದು ಕ್ರಮವಿದೆ. ಮನೆಯಲ್ಲಿ ಮದುವೆಯಾಗಲಿ, ಹೆಸರಿಡುವುದಾಗಲಿ, ಸಾವಾಗಲಿ, ಜನರನ್ನು ಕರೆದು ಅವರೆದುರು ಹೇಳಬೇಕು. ಬಂದವರಿಗೆಲ್ಲ ಉಡುಗೊರೆ ಕೊಡಬೇಕು. ಉಡುಗೊರೆ ಪಡೆದವರು ಸಾಕ್ಷಿಗಳು. ಕಂಡದ್ದನ್ನು, ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದು ಅವರ ಹೊಣೆ. ಇದಕ್ಕೆ ಪಾಟ್‌ಲ್ಯಾಚ್ ಎನ್ನುತ್ತಾರೆ. ಅದಕ್ಕೇ ನನ್ನ ಋಣವನ್ನೂ ಎಲ್ಲರೆದುರೇ ಹೇಳುತ್ತಿದ್ದೇನೆ. ಓದುವ ನೀವು ಸಾಕ್ಷಿ. ಉಡುಗೊರೆಯೆಂದು ಕೊಡಲು ನನ್ನ ಹತ್ತಿರ ಇರುವುದು ಅವರಿಂದ ಕೇಳಿ ತಿಳಿದ ಕೆಲವು ಸಂಗತಿಗಳು.

ಮಾನವಶಾಸ್ತ್ರ ಮ್ಯೂಸಿಯಂಗಳಲ್ಲಿ ಇರುವುದೆಲ್ಲ ಒಂದು ಕಾಲಕ್ಕೆ ಯಾರದೋ ಮನೆಯಲ್ಲಿ ಇದ್ದದ್ದೇ. ಈಗ ಆ ಮನೆಯವರೂ ಮ್ಯೂಸಿಯಂನವರೂ ಬೇರೆ ಬೇರೆ ದೇಶಗಳಲ್ಲಿ ಕೂತು ಒಟ್ಟಿಗೆ ಕೆಲಸ ಮಾಡುವುದು ಹೇಗೆ ಎಂಬುದು ನನ್ನ ಸಂಶೋಧನೆಯ ವಿಷಯ. ಕೇಳಲು ಒಣ ಅನ್ನಿಸಬಹುದು. ನನಗೂ ಮೊದಲ ವರ್ಷ ಹಾಗೇ ಅನ್ನಿಸಿತ್ತು, ಅಲರ್ಟ್ ಬೇಗೆ ಹೋಗುವವರೆಗೆ.

ಅಲರ್ಟ್ ಬೇ ಇರುವುದು ಕೆನಡಾದ ಪಶ್ಚಿಮ ಕರಾವಳಿಯ ಕಾರ್ಮೊರೆಂಟ್ ಎಂಬ ಪುಟ್ಟ ದ್ವೀಪದಲ್ಲಿ. ಪೋರ್ಟ್ ಮೆಕ್‌ನೀಲ್‌ನಿಂದ ದೋಣಿ ಹತ್ತಬೇಕು. ಅಲ್ಲಿ ಕ್ವಾಕ್ವಕಾವಕ್ವ ಜನರು ತಾವೇ ನಡೆಸುವ ಉಮಿಸ್ತಾ ಸಾಂಸ್ಕೃತಿಕ ಕೇಂದ್ರ ಇದೆ. ನಾನು ಹೋದ ದಿನ ಮಳೆ ಹೊಯ್ಯುತ್ತಿತ್ತು. ಒಳಗಿನ ದೊಡ್ಡ ಕೋಣೆಯಲ್ಲಿ ಸೀಡರ್ ಮರದ ಮುಖವಾಡಗಳು. ನಡುವೆ ಗಾಜು ಇಲ್ಲ. ಮುಖವಾಡದ ಕೊಕ್ಕಿನ ಮೇಲೆ ಉಳಿ ಓಡಿದ ಗೆರೆ ಕಾಣುತ್ತದೆ. ಕೊಕ್ಕನ್ನು ತೆರೆಯಲು ಮುಚ್ಚಲು ಕಟ್ಟಿದ ದಾರ ಸವೆದು ಕಪ್ಪಾಗಿರುವುದು ಕಾಣುತ್ತದೆ. ಕುಣಿತಕ್ಕೆ ಯಾವ ಕ್ರಮದಲ್ಲಿ ಬರುತ್ತವೋ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಅವನ್ನು ನಿಲ್ಲಿಸಿದ್ದಾರೆ. ನನ್ನನ್ನು ಕರೆದುಕೊಂಡು ಹೋಗಿದ್ದ ಹಿರಿಯ ಹೆಂಗಸು ಹೇಳಿದರು: "ಇವು ಅಷ್ಟು ವರ್ಷ ಬೀಗದೊಳಗೆ ಇದ್ದವು. ಮನೆಗೆ ಬಂದ ಮೇಲೂ ಪೆಟ್ಟಿಗೆಯಲ್ಲಿ ಕೂಡಿಹಾಕುವುದೇ?"

ಅವರ ಹೆಸರು ಬರೆಯುವುದಿಲ್ಲ, ಅವರಿಗೆ ಅದು ಇಷ್ಟವಾಗದು. ನನ್ನ ಮೊದಲ ನಮಸ್ಕಾರ ಅವರಿಗೆ.

ಬೀಗದ ಕಥೆ ಹೀಗಿದೆ. 1885ರಿಂದ 1951ರವರೆಗೆ ಕೆನಡಾದಲ್ಲಿ ಪಾಟ್‌ಲ್ಯಾಚ್ ನಡೆಸುವುದು ಕಾನೂನಿನ ಪ್ರಕಾರ ಅಪರಾಧವಾಗಿತ್ತು. 1921ರ ಕ್ರಿಸ್‌ಮಸ್ ಸಮಯದಲ್ಲಿ ಡ್ಯಾನ್ ಕ್ರ್ಯಾನ್ಮರ್ ಎಂಬವರು ವಿಲೇಜ್ ಐಲ್ಯಾಂಡ್‌ನಲ್ಲಿ ದೊಡ್ಡದೊಂದು ಪಾಟ್‌ಲ್ಯಾಚ್ ಕೊಟ್ಟರು. ಸುದ್ದಿ ಹೊರಗೆ ಬಿತ್ತು. ಭಾಷಣ ಮಾಡಿದ್ದು, ಕುಣಿದದ್ದು, ಉಡುಗೊರೆ ಹೊತ್ತು ತಂದದ್ದು, ಇವೇ ಆರೋಪಗಳು! ಉಡುಗೊರೆ ಕೊಟ್ಟದ್ದಕ್ಕೆ ಜನ ಓಕಲಾ ಜೈಲಿಗೆ ಹೋದರು. ಮುಖವಾಡ, ತಾಮ್ರದ ಫಲಕ, ಗಿಲಕಿಗಳನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಿದವರಿಗೆ ಜೈಲು ತಪ್ಪಿತು. ಹಾಗೆ ಒಪ್ಪಿಸಿದ್ದನ್ನು ಅಲರ್ಟ್ ಬೇಯ ಚರ್ಚಿನ ಸಭಾಂಗಣದಲ್ಲಿ ಬೆಂಚುಗಳ ಮೇಲೆ ಜೋಡಿಸಿಟ್ಟರು. ಆಮೇಲೆ ಅವು ಒಟ್ಟಾವಾಕ್ಕೆ, ಟೊರೊಂಟೊಕ್ಕೆ, ನ್ಯೂಯಾರ್ಕಿಗೆ ಚದುರಿಹೋದವು. ತಾವೇ ಹೊತ್ತು ತಂದು ಒಪ್ಪಿಸಿದ ಅಜ್ಜಿಯರು ಏನೂ ಮಾತಾಡದೆ ಮನೆಗೆ ನಡೆದರಂತೆ. ಅವರ ಮೊಮ್ಮಕ್ಕಳು ಪತ್ರ ಬರೆದೂ ಬರೆದೂ ಕೊನೆಗೆ ಒಟ್ಟಾವಾದ ಪಾಲು ಹಿಂದೆ ಬರುವಂತೆ ಮಾಡಿದರು. ಕೊಡಬೇಕಾದರೆ ನೀವೊಂದು ಮ್ಯೂಸಿಯಂ ಕಟ್ಟಬೇಕು ಎಂಬ ಷರತ್ತು ಬಂತು. ಕಟ್ಟಿದರು, 1979ರಲ್ಲಿ ಕೇಪ್ ಮಡ್ಜ್‌ನಲ್ಲಿ ಒಂದು, 1980ರಲ್ಲಿ ಅಲರ್ಟ್ ಬೇಯಲ್ಲಿ ಇನ್ನೊಂದು. ಹಿಂದಿನ ಕಾಲದಲ್ಲಿ ಶತ್ರುಗಳ ಸೆರೆಯಾಗಿ ಹೋದವರು ಹೇಗೋ ಮನೆಗೆ ಮರಳಿದರೆ ಆ ಮರಳುವಿಕೆಗೆ ಕ್ವಾಕ್‌ವಲ ಭಾಷೆಯಲ್ಲಿ ಉಮಿಸ್ತಾ ಎನ್ನುತ್ತಿದ್ದರು. ಕೇಂದ್ರಕ್ಕೆ ಅದೇ ಹೆಸರು.

ಆ ಕೋಣೆಯಲ್ಲಿ ನಿಂತಾಗ ನನಗೆ ನೆನಪಾದದ್ದು ಕಾರ್ಕಳ ಹತ್ತಿರದ ನಮ್ಮ ಊರಿನ ಭಂಡಾರದ ಮನೆ. ದೈವದ ಮುಖವಾಡವಾದ ಮೊಗ, ಕತ್ತಿಯಾದ ಕಡ್ತಲೆ, ಕಾಲಿಗೆ ಕಟ್ಟುವ ಗಗ್ಗರ ವರ್ಷವಿಡೀ ಒಳಗೇ ಇರುತ್ತವೆ. ದೈವದ ಕುಣಿತ ನಡೆಯುವ ನೇಮದ ಸಂಜೆ ದೀವಟಿಗೆಯ ಬೆಳಕಿನಲ್ಲಿ ಭಂಡಾರ ಹೊರಡುತ್ತದೆ. ಅಪ್ಪ ದೀವಟಿಗೆ ಹಿಡಿಯುತ್ತಿದ್ದರು. ಉಳಿದ ದಿನ ಅದನ್ನು ಸುಮ್ಮನೆ ನೋಡಲು ಹೋಗುವಂತಿಲ್ಲ, ಹೋಗಬೇಕೆಂದು ನಮಗೆ ಅನ್ನಿಸುವುದೂ ಇಲ್ಲ. ಪಾಟ್‌ಲ್ಯಾಚಿನ ಮುಖವಾಡಗಳೂ ಹಾಗೇ. ಕುಣಿತದ ರಾತ್ರಿ ಹೊರಬಂದು, ಮುಗಿದ ಮೇಲೆ ಮತ್ತೆ ಮರದ ಪೆಟ್ಟಿಗೆ ಸೇರುತ್ತಿದ್ದವು. ಹಾಗಾದರೆ ಈಗ ಯಾಕೆ ತೆರೆದಿಟ್ಟಿದ್ದೀರಿ ಎಂದು ಆ ಹಿರಿಯರನ್ನು ಕೇಳಿದೆ. "ಕದ್ದು ಕುಣಿಯಬೇಕಾದ ಕಾಲ ಇತ್ತಲ್ಲ, ಅದು ಮುಗಿಯಿತು ಅಂತ ಮಕ್ಕಳಿಗೆ ಗೊತ್ತಾಗಲಿ" ಎಂದರು. ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ತೀರ್ಮಾನ ಅವರದು. ನನ್ನ ಪ್ರಬಂಧದಲ್ಲಿ ಇನ್ನೂರಕ್ಕೂ ಹೆಚ್ಚು ಪುಟ ಹಿಡಿದ ವಾದ ಆ ಎರಡು ನಿಮಿಷದ ಮಾತಿನಲ್ಲಿ ಇತ್ತು.

2021ರ ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಆಗ ಭಾರತದಿಂದ ಕೆನಡಾಕ್ಕೆ ನೇರ ವಿಮಾನಗಳು ನಿಂತಿದ್ದವು. ಹೋದರೆ ಮರಳುವ ದಾರಿ ಇಲ್ಲ, ಮರಳದಿದ್ದರೆ ಓದು ಇಲ್ಲ. ನಾನು ಹೋಗಲಿಲ್ಲ. ಅಪ್ಪನ ಬೊಜ್ಜವನ್ನು, ಅಂದರೆ ಉತ್ತರಕ್ರಿಯೆಯನ್ನು, ಫೋನಿನ ಪರದೆಯಲ್ಲಿ ನೋಡಿದೆ. ಅದಾದ ಮೇಲೆ ಎಂಟು ತಿಂಗಳು ಒಂದಕ್ಷರ ಬರೆಯಲಿಲ್ಲ. ಅಲರ್ಟ್ ಬೇಯ ಆ ಹಿರಿಯರಿಗೆ ಯಾರು ಹೇಳಿದರೋ, ಒಂದು ದಿನ ಫೋನು ಮಾಡಿದರು. ಸಮಾಧಾನದ ಮಾತು ಆಡಲಿಲ್ಲ. ಅಪ್ಪನ ಹೆಸರೇನು, ಅವರಿಗೆ ಏನು ಇಷ್ಟ, ಯಾರ ಮಗ, ಒಂದೊಂದಾಗಿ ಕೇಳಿದರು. ಕೊನೆಗೆ, "ಈಗ ನಾನೂ ಸಾಕ್ಷಿ. ಮರೆಯುವುದಿಲ್ಲ" ಎಂದರು. ಮರುವಾರ ಅಂಚೆಯಲ್ಲಿ ಒಂದು ಬಾಟಲಿ ಬಂತು. ಊಲಿಕನ್ ಎಂಬ ಸಣ್ಣ ಮೀನಿನ ಎಣ್ಣೆ, ಅವರು ಟ್ಲೀನ ಎನ್ನುತ್ತಾರೆ. ಅವರಲ್ಲಿ ಅದಕ್ಕಿಂತ ಬೆಲೆಯುಳ್ಳ ಉಡುಗೊರೆ ಕಡಿಮೆ. ಮುಚ್ಚಳ ತೆಗೆದ ಕೂಡಲೇ ಮನೆಯೆಲ್ಲ ಘಮ್ಮೆಂದಿತು. ಒಣಮೀನಿನ ಊರಿನವಳಿಗೆ ಆ ವಾಸನೆ ಹೊಸದೇನಲ್ಲ. ಬಿಸಿ ಗಂಜಿಗೆ ಒಂದು ಚಮಚ ಹಾಕಿಕೊಂಡು ಉಂಡೆ, ಅವತ್ತು ರಾತ್ರಿಯೇ ಮತ್ತೆ ಬರೆಯಲು ಕೂತೆ.

ಎಲ್ಲ ಕಡೆ ಬಾಗಿಲು ಹೀಗೆ ತೆರೆಯಲಿಲ್ಲ ಎಂಬುದನ್ನೂ ಹೇಳಬೇಕು. ಯುರೋಪಿನ ಒಂದು ಮ್ಯೂಸಿಯಂ ಹದಿನಾಲ್ಕು ತಿಂಗಳು ನನ್ನ ಪತ್ರಗಳಿಗೆ ಉತ್ತರ ಕೊಡಲಿಲ್ಲ. ಕೊನೆಗೆ ಬಂದ ಉತ್ತರದಲ್ಲಿ ಇದ್ದದ್ದು ಒಂದೊಂದು ಫೋಟೋಗೂ ಎಷ್ಟು ಶುಲ್ಕ ಎಂಬ ಪಟ್ಟಿ. ನನಗಾದದ್ದು ಬರೀ ಕಾಲಹರಣ. ಆದರೆ ತಮ್ಮ ಅಜ್ಜಿ ನೇಯ್ದ ಕಂಬಳಿಯನ್ನು ನೋಡಲು ಸಾವಿರಾರು ಮೈಲಿಯಿಂದ ಬಂದವರಿಗೂ ಇಂಥದೇ ಉತ್ತರ ಸಿಕ್ಕಿದ್ದನ್ನು ಕೇಳಿದ್ದೇನೆ. ಅಂಥ ಕಟ್ಟಡಗಳ ಒಳಗೇ ಕೂತು, ಮೇಲಿನವರ ಹತ್ತಿರ ವಾದ ಮಾಡಿ, ರಜೆಯ ದಿನ ಬಂದು ಉಗ್ರಾಣ ತೆರೆದುಕೊಟ್ಟ ಕೆಳಗಿನ ಹಂತದ ನೌಕರರು ಕೆಲವರಿದ್ದಾರೆ. ಅವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ಅವರಿಗೆ ನನ್ನ ನಮಸ್ಕಾರ.

ಬ್ಲ್ಯಾಕ್‌ಫುಟ್ ಎಂಬ ಇನ್ನೊಂದು ಮೂಲನಿವಾಸಿ ಜನರ ಅಂಗಿಗಳ ವಿಷಯ ಹೇಳಿದರೆ ಇಂಥ ನೌಕರರು ಏನು ಮಾಡಬಲ್ಲರು ಎಂಬುದು ಗೊತ್ತಾಗುತ್ತದೆ. ಚರ್ಮದ ಐದು ಅಂಗಿಗಳು, ಮುಳ್ಳುಹಂದಿಯ ಮುಳ್ಳಿನ ಕಸೂತಿ, ಕೆಲವಕ್ಕೆ ಮನುಷ್ಯರ ಕೂದಲಿನ ಕುಚ್ಚು. 1841ರಲ್ಲಿ ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯ ಗವರ್ನರ್ ಜೊತೆ ತಿರುಗಾಡುತ್ತಿದ್ದ ಅವನ ಕಾರ್ಯದರ್ಶಿಯ ಕೈಗೆ ಸೇರಿ, 1893ರಲ್ಲಿ ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂ ಮುಟ್ಟಿದವು. 2010ರಲ್ಲಿ ಆ ಮ್ಯೂಸಿಯಂ ಅವನ್ನು ಕೆನಡಾದ ಆಲ್ಬರ್ಟಾಕ್ಕೆ ಎರವಲು ಕಳಿಸಿತು. ಗಾಜಿನ ಹಿಂದಿಡುವ ಮೊದಲು ಬ್ಲ್ಯಾಕ್‌ಫುಟ್ ಜನರ ಮುಂದೆ ಮೇಜಿನ ಮೇಲೆ ಇಟ್ಟರು. ಐನೂರಕ್ಕೂ ಹೆಚ್ಚು ಮಂದಿ, ಶಾಲೆ ಮಕ್ಕಳಿಂದ ಹಿಡಿದು ಮುದುಕರವರೆಗೆ, ಬಂದು ಮುಟ್ಟಿದರು. ಸುಮಾರು 170 ವರ್ಷದ ಮೇಲೆ ಸ್ವಂತ ನೆಲದಲ್ಲಿ ಆ ಚರ್ಮಕ್ಕೆ ಸ್ವಂತದವರ ಕೈ ತಾಗಿತು. ಮುಟ್ಟಿದರೆ ಹಾಳಾಗುತ್ತದೆ ಎನ್ನುವುದು ಮ್ಯೂಸಿಯಂನ ಮೊದಲ ಪಾಠ. ಆ ಪಾಠ ಕಲಿತವರೇ ಅದನ್ನು ಬದಿಗಿಟ್ಟು ಮೇಜಿನ ಪಕ್ಕ ನಿಂತರಲ್ಲ, ಅದಕ್ಕೆ ಎದೆಗಾರಿಕೆ ಬೇಕು. ಅಂಗಿಗಳು ಮಾತ್ರ ಮತ್ತೆ ಆಕ್ಸ್‌ಫರ್ಡಿಗೆ ಹೋದವು. ಅದು ನನಗೆ ಇವತ್ತಿಗೂ ಒಪ್ಪಿಗೆಯಾಗದ ಮಾತು. ತನ್ನದೇ ವಸ್ತುವನ್ನು ಎರವಲು ಪಡೆಯುವುದು ಎಂದರೇನು? ಬ್ರಿಟಿಷ್ ಮ್ಯೂಸಿಯಂ 2005ರಲ್ಲಿ ಉಮಿಸ್ತಾಕ್ಕೆ ಕಳಿಸಿದ ಮುಖವಾಡವೂ ದೀರ್ಘಾವಧಿಯ ಎರವಲೇ. ಪ್ಯಾರಿಸ್ಸಿನ ಕವಿ ಆಂದ್ರೆ ಬ್ರೆತೊನ್ ಅವರ ಸಂಗ್ರಹದಲ್ಲಿದ್ದ ಶಿರೋಭೂಷಣವನ್ನು ಅವರ ಮಗಳು ಓಬ್ 2003ರಲ್ಲಿ ಅಲರ್ಟ್ ಬೇಗೆ ಮರಳಿಸಿದರು, ಯಾವ ಷರತ್ತೂ ಹಾಕದೆ. ನನಗೆ ಬೇಕಾದದ್ದು ಅಂಥ ಮರಳುವಿಕೆ.

ಸ್ಟಾಕ್‌ಹೋಮ್‌ನಲ್ಲಿದ್ದ, ಕೆನಡಾದ ಅದೇ ಕರಾವಳಿಯ ಹೈಸ್ಲಾ ಜನರ ಸ್ಮಾರಕ ಕಂಬ 2006ರಲ್ಲಿ ಮನೆಗೆ ಬಂದ ಕಥೆಗೆ ಒಂದು ಇಡೀ ಅಧ್ಯಾಯ ಬರೆದಿದ್ದೇನೆ, ಇಲ್ಲಿ ಬೆಳೆಸುವುದಿಲ್ಲ. 1929ರಲ್ಲಿ ತಮ್ಮ ಕಂಬ ಕಳೆದುಕೊಂಡವರು ಸ್ವೀಡನ್ನಿನವರಿಗೆ ಕೊಡಲು ಹೊಸ ಕಂಬವನ್ನೇ ಕೆತ್ತಿದರು, ಅಷ್ಟು ಹೇಳಿದರೆ ಸಾಕು.

ನಾಗಾ ಗೆಳತಿಯೊಬ್ಬಳಿಗೆ ದೊಡ್ಡ ಋಣ ಇದೆ. ಪಿಟ್ ರಿವರ್ಸ್‌ನಲ್ಲಿ ನಾಗಾ ಪೂರ್ವಜರ ತಲೆಬುರುಡೆ, ಎಲುಬುಗಳೂ ಇವೆ. 2020ರಲ್ಲಿ ಮಾನವ ಅವಶೇಷಗಳನ್ನು ಪ್ರದರ್ಶನದಿಂದ ತೆಗೆದರು. ಆ ವರ್ಷದಿಂದ ಫೋರಂ ಫಾರ್ ನಾಗಾ ರೀಕನ್ಸಿಲಿಯೇಶನ್ ಎಂಬ ಸಂಘಟನೆ ಅವನ್ನು ಮನೆಗೆ ತರುವ ಬಗ್ಗೆ ಊರೂರಿನ ಹಿರಿಯರ ಜೊತೆ ಮಾತುಕತೆ ನಡೆಸುತ್ತಿದೆ. 2025ರ ಜೂನ್‌ನಲ್ಲಿ ನಾಗಾ ನಿಯೋಗ ಆಕ್ಸ್‌ಫರ್ಡಿಗೇ ಹೋಗಿ ಬಂತು. "ಸತ್ತವರನ್ನು ಮನೆಗೆ ತರುವ ಶಾಸ್ತ್ರ ನಮ್ಮಲ್ಲಿ ಇಲ್ಲ. ಇಷ್ಟು ದೂರ ಯಾರೂ ಒಯ್ದಿರಲಿಲ್ಲವಲ್ಲ" ಎಂದಿದ್ದಳು ಅವಳು. ಬೇಗ ಕೊಡಿ ಎಂದಷ್ಟೇ ಬರೆಯುತ್ತಿದ್ದ ನನ್ನನ್ನು ತಡೆದದ್ದು ಆ ಮಾತು. ತರುವವರಿಗೂ ಸಮಯ ಬೇಕು, ಮಂತ್ರ ಹುಡುಕಬೇಕು, ಜಾಗ ಹುಡುಕಬೇಕು.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಪ್ರಬಂಧವನ್ನು ದಿನಕ್ಕೆ ನಾಲ್ಕು ಪುಟದಂತೆ ಫೋನಿನಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಮೊನ್ನೆ ನಡುವೆ ತಡೆದು, "ನಮ್ಮ ಕಡೆಯದ್ದೂ ಹೋಗಿರಬೇಕಲ್ಲ?" ಎಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಸಂಗ್ರಹ ಈಗ ಬಾಸೆಲ್ಲಿನ ಮ್ಯೂಸಿಯಂನಲ್ಲಿದೆ ಎಂದೆ. "ಹೋಗಿ ನೋಡಿ ಬಾ. ಭಂಡಾರದ್ದು ಏನಾದರೂ ಕಂಡರೆ ಫೋಟೋ ತೆಗೆಯಬೇಡ, ಮೊದಲು ಗುತ್ತಿನವರಿಗೆ ಹೇಳು" ಎಂದರು. ಗುತ್ತಿನವರೆಂದರೆ ಭಂಡಾರದ ಹೊಣೆ ಹೊತ್ತ ಮನೆಯವರು. ಅಪ್ಪ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದರು. ಏಳು ವರ್ಷ ಮಗಳನ್ನು ಬಿಟ್ಟು, ಒಬ್ಬರೇ ಆ ಮನೆ, ಆ ತೋಟ ನೋಡಿಕೊಂಡ ಅಮ್ಮನಿಗೆ ಇಲ್ಲಿ, ನಿಮ್ಮೆಲ್ಲರೆದುರು, ಕಾಲು ಮುಟ್ಟಿ ನಮಸ್ಕಾರ.

ಪ್ರಬಂಧದ ಮೊದಲ ಪ್ರತಿ ಅಲರ್ಟ್ ಬೇಗೆ ಹೊರಟಿದೆ. ಪೊಟ್ಟಣದಲ್ಲಿ ಅಮ್ಮ ಮಾಡಿದ ಹಲಸಿನ ಹಪ್ಪಳ ಎರಡು ಕಟ್ಟು ಇಟ್ಟಿದ್ದೇನೆ. ಕರಿಯುವುದು ಹೇಗೆಂದು ಚೀಟಿ ಬರೆದು ಹಾಕಿದ್ದೇನೆ.