ಚಂದಾ ನಿಂತರೂ ಹಳೆಯ ಸಂಚಿಕೆ ಉಳಿಯಲಿ

ಮಾನ್ಯ ಸಂಪಾದಕರೇ,

ಕಾಲೇಜು ಗ್ರಂಥಾಲಯದಲ್ಲಿ ಬಹುಕಾಲ ಖರೀದಿಯ ಕೆಲಸ ನೋಡಿಕೊಂಡವನು ನಾನು. ಹಿಂದೆ ಸಂಶೋಧನಾ ಪತ್ರಿಕೆಯ ಚಂದಾ ನಿಲ್ಲಿಸಿದರೂ ಹಳೆಯ ಸಂಪುಟಗಳು ಕಪಾಟಿನಲ್ಲೇ ಇರುತ್ತಿದ್ದವು. ಕೆಂಪು ರಟ್ಟಿನ ಬೈಂಡು, ಬೆನ್ನ ಮೇಲೆ ಬಂಗಾರದ ಬಣ್ಣದ ಇಸವಿ. ಈಗ ಕೊಳ್ಳುವುದು ಹೆಚ್ಚಾಗಿ ಆನ್‌ಲೈನ್ ಪ್ರವೇಶವನ್ನಷ್ಟೇ. ಕರಾರಿನಲ್ಲಿ ಶಾಶ್ವತ ಪ್ರವೇಶದ ಷರತ್ತು ಇಲ್ಲದಿದ್ದರೆ, ಚಂದಾ ಮುಗಿದೊಡನೆ ಹಣ ಕೊಟ್ಟ ವರ್ಷಗಳ ಲೇಖನಗಳೂ ಕೈತಪ್ಪುತ್ತವೆ. ಅರ್ಧ ಓದಿಟ್ಟಿದ್ದ ಲೇಖನ ತೆರೆಯಲು ಬಂದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು, ಪರದೆಯ ಮೇಲೆ ‘ಪ್ರವೇಶವಿಲ್ಲ’ ಎಂದು ಕಂಡು ಪೆನ್ನು ಮುಚ್ಚಿಟ್ಟು ಸುಮ್ಮನೆ ಕುಳಿತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಬೇಕಾದ ಹತ್ತು ಪತ್ರಿಕೆಗಳ ಜೊತೆ ಬೇಡದ ನೂರನ್ನು ಸೇರಿಸಿ ಮಾರುವ ಪ್ಯಾಕೇಜುಗಳು ಬಜೆಟ್ ನುಂಗುತ್ತವೆ. ಕತ್ತರಿ ಬೀಳುವುದು ಪುಸ್ತಕಗಳ ಪಾಲಿಗೆ, ಅದರಲ್ಲೂ ಮಾನವಿಕ ವಿಷಯಗಳ ಪುಸ್ತಕಗಳಿಗೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರಲ್ಲಿ ಎಲ್ಸೆವಿಯರ್ ಪ್ರಕಾಶನದ ಚಂದಾ ನವೀಕರಿಸದೆ ಹೊರಬಂದಿತು. 2021ರಲ್ಲಿ ಮುಕ್ತ ಪ್ರವೇಶವನ್ನೂ, ಅಂದರೆ ಲೇಖನಗಳನ್ನು ಯಾರು ಬೇಕಾದರೂ ಹಣ ಕೊಡದೆ ಓದುವ ಅವಕಾಶವನ್ನೂ, ಒಳಗೊಂಡ ಹೊಸ ಒಪ್ಪಂದ ಪಡೆಯಿತು. ಒಂಟಿ ಕಾಲೇಜಿಗೆ ಆ ಬಲವಿಲ್ಲ, ನಿಜ. ಆದರೆ ಗ್ರಂಥಾಲಯಗಳು ಒಕ್ಕೂಟವಾಗಿ ಚೌಕಾಸಿ ಮಾಡಬಹುದಲ್ಲ!

ಇನ್ನೊಂದು ಮಾತು. ಆಯ್ಕೆ ಸಮಿತಿಗಳು ಡೌನ್‌ಲೋಡ್ ಲೆಕ್ಕವನ್ನೇ ನೆಚ್ಚಿಕೊಳ್ಳುವುದು ತಪ್ಪು. ವರ್ಷಕ್ಕೆ ಇಬ್ಬರೇ ತೆರೆಯುವ ಗ್ರಂಥವೂ ಒಂದು ಪಿಎಚ್.ಡಿ. ಪ್ರಬಂಧಕ್ಕೆ ಬೆನ್ನೆಲುಬಾಗಿರುತ್ತದೆ. ಬೋಧಕರು, ವಿದ್ಯಾರ್ಥಿಗಳು ಕೊಟ್ಟ ಬೇಡಿಕೆ ಚೀಟಿಗಳನ್ನು ಸಮಿತಿಯ ಮೇಜಿನ ಮೇಲಿಡಿ.

ಮುಂದಿನ ಕರಾರಿಗೆ ಸಹಿ ಹಾಕುವ ಮುನ್ನ ಪ್ರಾಂಶುಪಾಲರು, ಕುಲಸಚಿವರು ಗ್ರಂಥಪಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಶಾಶ್ವತ ಪ್ರವೇಶದ ಷರತ್ತನ್ನು ಹುಡುಕಿ ನೋಡಲಿ. ಇಲ್ಲದಿದ್ದರೆ ಬರೆಸಿಕೊಳ್ಳಲಿ.

– ನಿವೃತ್ತ ಗ್ರಂಥಪಾಲಕ